ಕೊಟ್ಟವರಿಗೇ ದಂಡ

ಸಾಲ ತೀರಿಸದವನಿಗೆ ದಂಡ ಹಾಕುತ್ತಾರೆ, ಕೇಳಿದ್ದೇವೆ. ತಡವಾಗಿ ಕಟ್ಟಿದವನಿಗೂ ದಂಡ ಉಂಟು, ಅದೂ ಗೊತ್ತು. ಬಿಲ್ಲು ಕೈಗೆ ಬಂದ ಮಾರನೇ ದಿನವೇ ಚೆಕ್ ಬರೆದು, ಅಂಚೆಚೀಟಿ ಅಂಟಿಸಿ, ಒಂದು ಪೆನ್ನಿ ಬಾಕಿ ಇಲ್ಲದ ಹಾಗೆ ಪೂರ್ತಿ ಹಣ ಕಳಿಸಿದವರಿಗೂ ದಂಡ ಹಾಕಬಹುದು ಅಂತ ಕಂಡುಹಿಡಿದ ಬುದ್ಧಿವಂತರು ಮಾತ್ರ ಬ್ರಿಟನ್ನಿನವರು. 2007ರ ಮೇ ತಿಂಗಳಲ್ಲಿ ಅಲ್ಲಿನ ದೂರವಾಣಿ ದೈತ್ಯ ಬಿಟಿ ತನ್ನ ಗ್ರಾಹಕರ ಮೇಲೆ ಮೂರು ತಿಂಗಳಿಗೊಮ್ಮೆ ನಾಲ್ಕೂವರೆ ಪೌಂಡ್ ಹೇರಿತು. ಅದಕ್ಕಿಟ್ಟ ಹೆಸರು ಪೇಮೆಂಟ್ ಪ್ರೊಸೆಸಿಂಗ್ ಫೀ. ಗ್ರಾಹಕ ಮಾಡಿದ ಅಪರಾಧ ಇಷ್ಟೇ: ಡೈರೆಕ್ಟ್ ಡೆಬಿಟ್ ಫಾರಂಗೆ ಸಹಿ ಹಾಕಿರಲಿಲ್ಲ. ಕೇಬಲ್ ಟಿವಿ, ಬ್ರಾಡ್‌ಬ್ಯಾಂಡ್ ಮಾರುವ ವರ್ಜಿನ್ ಮೀಡಿಯಾ ಇನ್ನೂ ಧಾರಾಳಿ. ಅದು ತಿಂಗಳಿಗೇ ಐದು ಪೌಂಡ್ ಇಟ್ಟುಕೊಂಡಿತ್ತು.

ನಾಲ್ಕೂವರೆ ಪೌಂಡ್ ಏನು ಮಹಾ ಅನ್ನುವವರಿದ್ದಾರೆ. ಅಂಥವರ ಬಿಲ್ಲು ದೊಡ್ಡದಿರುತ್ತದೆ, ಅದಕ್ಕೇ ಹಾಗನ್ನುತ್ತಾರೆ. ಇಡೀ ದಿನ ಫೋನಿನಲ್ಲೇ ವ್ಯಾಪಾರ ಮಾಡುವವನಿಗೂ ನಾಲ್ಕೂವರೆ. ಮಗಳ ಫೋನು ಬರಲಿ ಅಂತ ಕಾಯುತ್ತ ಕೂತು, ತಾನಾಗಿ ಯಾರಿಗೂ ಫೋನ್ ಮಾಡದ ಪಿಂಚಣಿದಾರ ಮುದುಕಿಗೂ ನಾಲ್ಕೂವರೆ. ಬಿಲ್ಲು ಸಣ್ಣದಾದಷ್ಟೂ ದಂಡ ದೊಡ್ಡದಾಗುತ್ತದೆ. ತಲೆಗಂದಾಯ ಅಂದರೆ ಇದೇ ತಾನೇ? ರಾಜರು ಹಾಕುತ್ತಿದ್ದರೆ ದಬ್ಬಾಳಿಕೆ ಅನ್ನುತ್ತಿದ್ದೆವು. ಕಂಪನಿ ಹಾಕಿದರೆ ನಿಯಮ ಮತ್ತು ಷರತ್ತು.

ಡೈರೆಕ್ಟ್ ಡೆಬಿಟ್ ಅಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಇಎಂಐ ಕಟ್ಟುವ ಮನೆಗಳಿಗೆಲ್ಲ ಅದು ಗೊತ್ತು. ನಾವು ಇಸಿಎಸ್ ಅಂದೆವು, ಆಟೋ ಡೆಬಿಟ್ ಅಂದೆವು, ಈಗ ಆಟೋ ಪೇ ಅನ್ನುತ್ತಿದ್ದೇವೆ. ತಿಂಗಳ ಐದನೇ ತಾರೀಖು ಬೆಳಿಗ್ಗೆ ಫೋನು ಟಿಂಗ್ ಅಂದ ಕೂಡಲೇ ಎದೆ ಝಲ್ಲೆನ್ನುತ್ತದಲ್ಲ, ಅದೇ. ಅಲ್ಲಿ ನೀವು ಹಣ ಕೊಡುವುದಿಲ್ಲ, ಅವರು ತೆಗೆದುಕೊಳ್ಳುತ್ತಾರೆ. ಎಷ್ಟು, ಯಾವತ್ತು ಅನ್ನುವುದನ್ನು ಅವರು ತೀರ್ಮಾನಿಸಿ ನಿಮಗೆ ತಿಳಿಸುತ್ತಾರೆ. ಬ್ರಿಟನ್ನಿನಲ್ಲಿ ಇದಕ್ಕೊಂದು ಗ್ಯಾರಂಟಿ ಉಂಟು, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಮೊತ್ತವೋ ದಿನವೋ ಬದಲಾದರೆ ಮುಂಚಿತವಾಗಿ ಹೇಳಬೇಕು, ತಪ್ಪಾಗಿ ಎಳೆದುಕೊಂಡರೆ ಬ್ಯಾಂಕು ತಕ್ಷಣ ವಾಪಸ್ ಹಾಕಬೇಕು. ಒಳ್ಳೆಯದೇ. ಆದರೆ ಲೆಕ್ಕ ಸರಿಯಿದ್ದೂ, ಮೊದಲೇ ತಿಳಿಸಿದ ದಿನವೇ ನಿಮಗೆ ಒಗ್ಗದಿದ್ದರೆ, ಸಂಬಳ ಶುಕ್ರವಾರ ಬರುವುದಿದ್ದು ಕಂಪನಿ ಹೇಳಿದ ಹಾಗೆ ಬುಧವಾರವೇ ಕೈಹಾಕಿದರೆ, ಆ ಗ್ಯಾರಂಟಿಯಲ್ಲಿ ನಿಮಗೇನೂ ಸಿಗುವುದಿಲ್ಲ.

ಈ ಪದ್ಧತಿ ಹುಟ್ಟಿದ್ದು ಐಸ್‌ಕ್ರೀಮ್ ಮಾರಾಟದಲ್ಲಿ. 1964ರ ಸುಮಾರಿಗೆ ಯೂನಿಲಿವರ್ ಕಂಪನಿಯಲ್ಲಿದ್ದ ಅಲಸ್ಟೇರ್ ಹ್ಯಾಂಟನ್ ಎಂಬವರು ಐಸ್‌ಕ್ರೀಮ್ ಅಂಗಡಿಗಳಿಂದ ಬಾಕಿ ವಸೂಲಿ ಮಾಡುವ ತಾಪತ್ರಯ ತಪ್ಪಿಸಲು ಇದನ್ನು ರೂಪಿಸಿದರು. ಲಾರಿಯಲ್ಲಿ ಮಾಲು ಇಳಿಸಿ, ಅಂಗಡಿಯವನ ಬ್ಯಾಂಕಿನಿಂದ ನೇರವಾಗಿ ಹಣ ತೆಗೆದುಕೊಳ್ಳುವ ವ್ಯವಸ್ಥೆ. ಹ್ಯಾಂಟನ್ ಕೆಟ್ಟ ಮನುಷ್ಯರಲ್ಲ. ಬಡದೇಶಗಳ ಕಾಫಿ, ಟೀ, ಕೋಕೋ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಲಿ ಅಂತ ಹೋರಾಡಿದ ಫೇರ್‌ಟ್ರೇಡ್ ಸಂಸ್ಥೆ ಕಟ್ಟಿದವರಲ್ಲಿ ಅವರೂ ಒಬ್ಬರು. ವ್ಯಾಪಾರಿ ವ್ಯಾಪಾರಿಯ ನಡುವೆ ಇದ್ದ ಆ ಅನುಕೂಲ ಅಡುಗೆಮನೆಗೆ ನುಗ್ಗಿದ್ದು, ಒಪ್ಪದವರಿಗೆ ದಂಡ ಅಂತಾದದ್ದು ಆಮೇಲಿನವರ ಕಾರುಬಾರು.

ಕಂಪನಿಗಳ ವಾದ ನಿಮಗೂ ಗೊತ್ತು. ಚೆಕ್ ಬಂದರೆ ಲಕೋಟೆ ಒಡೆಯಬೇಕು, ಬ್ಯಾಂಕಿಗೆ ಹಾಕಬೇಕು, ಜನ ಬೇಕು, ಖರ್ಚಾಗುತ್ತದೆ. ಡೈರೆಕ್ಟ್ ಡೆಬಿಟ್‌ನವರು ಆ ಖರ್ಚನ್ನು ಯಾಕೆ ಹೊರಬೇಕು? ಕೇಳಲು ಲೆಕ್ಕ ಸರಿಯಾಗಿದೆ. ಆದರೆ ಬಿಟಿಯ ಆ ನಾಲ್ಕೂವರೆ ಪೌಂಡ್ ಚೆಕ್ಕಿನವರಿಗಷ್ಟೇ ಇರಲಿಲ್ಲ. ಸ್ವಂತ ಕಂಪ್ಯೂಟರಿನ ಮುಂದೆ ಕೂತು, ಸ್ವಂತ ಬೆರಳಿನಿಂದ ಕಾರ್ಡ್ ನಂಬರ್ ಒತ್ತಿ, ಇಂಟರ್ನೆಟ್ಟಿನಲ್ಲೇ ಬಿಲ್ಲು ಕಟ್ಟಿದವರಿಗೂ ಅದೇ ಬರೆ. ಅಲ್ಲಿ ಯಾವ ಲಕೋಟೆ ಒಡೆದಿರಿ ಸ್ವಾಮಿ? ಯಾವ ಗುಮಾಸ್ತನಿಗೆ ಓವರ್‌ಟೈಮ್ ಕೊಟ್ಟಿರಿ? ಖರ್ಚು ವಸೂಲಿಯೇ ಉದ್ದೇಶವಾಗಿದ್ದರೆ ಚೆಕ್ಕಿಗೊಂದು ದರ, ಕಾರ್ಡಿಗೊಂದು ದರ, ಬ್ಯಾಂಕ್ ವರ್ಗಾವಣೆಗೆ ಸೊನ್ನೆ ಇರಬೇಕಿತ್ತು. ಎಲ್ಲಕ್ಕೂ ಒಂದೇ ದರ ಇಟ್ಟಾಗಲೇ ಬಣ್ಣ ಬಯಲಾಯಿತು. ಹಣ ಹೇಗೆ ಬಂತು ಅನ್ನುವುದು ಅವರಿಗೆ ಬೇಕಿಲ್ಲ. ಯಾವತ್ತು ಕೊಡಬೇಕೆಂಬ ತೀರ್ಮಾನ ಯಾರ ಕೈಯಲ್ಲಿದೆ ಅನ್ನುವುದೊಂದೇ ಅವರ ಚಿಂತೆ.

ನಮ್ಮ ಹಳ್ಳಿಯ ಸಾಹುಕಾರನಿಗೂ ಇದೇ ಚಿಂತೆ ಇತ್ತು. ರಾಶಿ ಮನೆಗೆ ಹೋದಮೇಲೆ ರೈತ ಮೊದಲು ಮಕ್ಕಳ ಹೊಟ್ಟೆ ನೋಡುತ್ತಾನೆ, ಬೀಜಕ್ಕೆ ಎತ್ತಿಡುತ್ತಾನೆ, ಆಮೇಲೆ ಸಾಲದವನ ನೆನಪಾಗುತ್ತದೆ. ಅದಕ್ಕೇ ಸಾಹುಕಾರ ಕಣಕ್ಕೇ ಬಂದು ನಿಲ್ಲುತ್ತಿದ್ದ. ಹೊಟ್ಟು ತೂರುವುದು ಮುಗಿಯುತ್ತಿದ್ದ ಹಾಗೆ ತನ್ನ ಕೊಳಗ ತಾನೇ ಅಳೆದುಕೊಂಡು ಹೋಗುತ್ತಿದ್ದ. ಡೈರೆಕ್ಟ್ ಡೆಬಿಟ್ ಅಂದರೆ ಕಣದಲ್ಲೇ ಅಳೆದುಕೊಳ್ಳುವ ಕೊಳಗ. ಸಂಬಳ ಖಾತೆಗೆ ಬಿದ್ದ ಗಳಿಗೆಯಲ್ಲಿ, ಹಾಲಿಗಿಂತ ಮೊದಲು, ಮಗುವಿನ ಬೂಟಿಗಿಂತ ಮೊದಲು, ಸರತಿಯ ಮೊದಲಲ್ಲಿ ಕಂಪನಿ ನಿಂತಿರಬೇಕು. ಆ ಜಾಗ ಬಿಟ್ಟುಕೊಡದವರು ಅದರ ಬೆಲೆ ತೆರಬೇಕು. ಆ ದಂಡದ ಹಿಂದಿರುವುದು ಇಷ್ಟೇ.

ಬಿಟಿಯ ಈ ಕತೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. 2003ರಲ್ಲಿ ಆ ಕಂಪನಿ ಬೆಂಗಳೂರು ಮತ್ತು ದೆಹಲಿಯಲ್ಲಿ ಕಾಲ್ ಸೆಂಟರ್ ತೆರೆಯುತ್ತೇವೆಂದು ಸಾರಿದಾಗ, ಅಲ್ಲಿನ ಸಂಪರ್ಕ ಕಾರ್ಮಿಕರ ಯೂನಿಯನ್ ಗಾಳಿ ತುಂಬಿದ ದೊಡ್ಡದೊಂದು ಗುಲಾಬಿ ಆನೆಯನ್ನು ಊರೂರು ಮೆರೆಸಿ ಪ್ರತಿಭಟಿಸಿತು. ಆನೆ ಸೋತಿತು, ಕಾಲ್ ಸೆಂಟರ್ ಬಂತು. ಈಗ ಒಂದು ರಾತ್ರಿಪಾಳಿಯನ್ನು ಕಲ್ಪಿಸಿಕೊಳ್ಳಿ. ಬರ್ಮಿಂಗ್‌ಹ್ಯಾಮಿನ ನಿವೃತ್ತ ಕಾರ್ಮಿಕನೊಬ್ಬ ಬಿಲ್ಲಿನಲ್ಲಿ ಹೊಸ ಸಾಲು ಕಂಡು ಕೆಂಡಾಮಂಡಲವಾಗಿ ಫೋನ್ ಎತ್ತುತ್ತಾನೆ. ಆ ಸಿಟ್ಟು ಬಂದು ಬೀಳುವುದು ಬೋರ್ಡ್ ರೂಮಿನ ಕಿವಿಗಲ್ಲ, ಹಾಸನದಿಂದಲೋ ಹಾವೇರಿಯಿಂದಲೋ ಬಂದು, ಹೆಸರನ್ನೂ ಉಚ್ಚಾರಣೆಯನ್ನೂ ಬದಲಿಸಿಕೊಂಡು, ಹೆಡ್‌ಸೆಟ್ ಹಾಕಿಕೊಂಡು ಕೂತ ಹುಡುಗನ ಕಿವಿಗೆ. ಆ ದರ ಅವನು ಇಟ್ಟದ್ದಲ್ಲ. ರದ್ದು ಮಾಡುವ ಗುಂಡಿ ಅವನ ಪರದೆಯಲ್ಲಿಲ್ಲ. ಅವನಿಗೆ ಕೊಟ್ಟಿರುವುದು ಓದಲೊಂದು ಸ್ಕ್ರಿಪ್ಟು: ನಿಮ್ಮ ತೊಂದರೆಗೆ ವಿಷಾದಿಸುತ್ತೇವೆ, ಡೈರೆಕ್ಟ್ ಡೆಬಿಟ್‌ಗೆ ಈಗಲೇ ಬದಲಾಯಿಸಲೇ? ದುಡಿಯುವವನೊಬ್ಬ ಬೈಯುತ್ತಾನೆ, ದುಡಿಯುವವನೊಬ್ಬ ಬೈಸಿಕೊಳ್ಳುತ್ತಾನೆ, ಇಬ್ಬರ ಮಾತೂ ತರಬೇತಿಯ ಸಲುವಾಗಿ ರೆಕಾರ್ಡ್ ಆಗುತ್ತದೆ. ಬಂಡವಾಳ ಎಷ್ಟು ಜಾಣ ನೋಡಿ, ಸಿಟ್ಟಿಗೂ ಹೊರಗುತ್ತಿಗೆ!

ಡೈರೆಕ್ಟ್ ಡೆಬಿಟ್ ಒಲ್ಲದವರು ಯಾರು? ಹಳೆಯ ಕಾಲದವರು, ಕಂಪ್ಯೂಟರ್ ಬರದವರು, ಹಟಮಾರಿಗಳು ಅಂತ ಗೇಲಿ ಮಾಡುವುದು ಸುಲಭ. ಕೈಯಲ್ಲಿ ಹಣ ಎಣಿಸಿ ನೋಡುವವರನ್ನು ದಡ್ಡರೆನ್ನುವ ಮುಂಚೆ ಆ ದೇಶದ ಅಂಚೆ ಕಚೇರಿಯ ಕತೆ ನೆನಪಿರಲಿ. ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕವನ್ನು ನಂಬಿ 900ಕ್ಕೂ ಹೆಚ್ಚು ಉಪ ಅಂಚೆಪಾಲಕರನ್ನು ಕಳ್ಳರೆಂದು ಶಿಕ್ಷಿಸಿದ ದೇಶ ಅದು. ತಪ್ಪು ಮಾಡಿದ್ದು ಯಂತ್ರ, ಜೈಲಿಗೆ ಹೋದದ್ದು ಜನ.

ಇರಲಿ, ಹಟಮಾರಿಗಳನ್ನು ಬಿಡಿ. ಮಂಗಳೂರು ಕಡೆಯಿಂದ ಹೋದ ಒಬ್ಬಾಕೆಯ ವಿಷಯ ಹೇಳುತ್ತೇನೆ. 2022ರಲ್ಲಿ ಬ್ರಿಟನ್ ಆರೈಕೆ ಕೆಲಸಗಾರರಿಗೆ ವೀಸಾ ಬಾಗಿಲು ತೆರೆದಾಗ ಹೋದವರಲ್ಲಿ ಒಬ್ಬರು. ಮುದುಕರ ಮನೆಗಳಿಗೆ ಹೋಗಿ ಸ್ನಾನ ಮಾಡಿಸುವುದು, ಮಾತ್ರೆ ಕೊಡುವುದು, ಹಾಸಿಗೆ ಬದಲಿಸುವುದು ಇವರ ಕೆಲಸ. ಒಂದು ವಾರ ಪಾಳಿಯ ಮೇಲೆ ಪಾಳಿ; ಮುಂದಿನ ವಾರ ರೋಟಾದಲ್ಲಿ ಅರ್ಧಕ್ಕರ್ಧ ಖಾಲಿ. ಒಬ್ಬ ಮುದುಕ ಆಸ್ಪತ್ರೆ ಸೇರಿದರೆ ಇವರ ಬೆಳಗಿನ ಎರಡು ತಾಸಿನ ಕೂಲಿಯೂ ಅವನ ಜೊತೆ ಆಸ್ಪತ್ರೆ ಸೇರುತ್ತದೆ. ಇವರ ಅಡುಗೆಮನೆಯ ಕಪಾಟಿನೊಳಗೆ ಕಂದು ಲಕೋಟೆಗಳ ಒಂದು ಸಾಲು ಇದೆ. ಬಾಡಿಗೆ, ಗ್ಯಾಸು, ಫೋನು, ಬಸ್ ಪಾಸು, ಊರಿಗೆ ಅಂತ ಕನ್ನಡದಲ್ಲಿ ಬರೆದ ಲಕೋಟೆಗಳು. ಅವ್ವ ಸಾಸಿವೆ ಡಬ್ಬಿಯಲ್ಲಿ ನೋಟು ಮಡಚಿಡುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಕೂಲಿ ಕಡಿಮೆ ಬಂದ ವಾರ ಫೋನಿನ ಲಕೋಟೆಯಿಂದ ತೆಗೆದು ಬಾಡಿಗೆಯ ಲಕೋಟೆಗೆ ಹಾಕುತ್ತಾರೆ. ಫೋನಿನವನಿಗೆ ಹತ್ತು ದಿನ ತಡೆದು ಕೊಟ್ಟರೆ ಲೋಕ ಮುಳುಗುವುದಿಲ್ಲ, ಬಾಡಿಗೆಯವನಿಗೆ ತಡೆದರೆ ಬೀದಿ. ಇದು ಅಜ್ಞಾನವೇ? ಇದಕ್ಕಿಂತ ಚೊಕ್ಕವಾದ ಹಣಕಾಸು ನಿರ್ವಹಣೆಯನ್ನು ಯಾವ ಎಂಬಿಎ ಕಲಿಸುತ್ತದೆ ತೋರಿಸಿ. ಡೈರೆಕ್ಟ್ ಡೆಬಿಟ್ ಕಿತ್ತುಕೊಳ್ಳುವುದು ಈ ಲಕೋಟೆಗಳನ್ನೇ. ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವ ಏಕೈಕ ಅಧಿಕಾರ ಬಡವರ ಕೈಯಲ್ಲಿತ್ತು. ಅದಕ್ಕೂ ಕಣ್ಣು ಬಿತ್ತು.

ಸರಿ, ಹೆದರಿ ಸಹಿ ಹಾಕಿದರು ಅನ್ನೋಣ. ಖಾತೆಯಲ್ಲಿ ಮೂರು ಪೌಂಡ್ ಕಡಿಮೆ ಇದ್ದ ದಿನ ಕಂಪನಿ ಕೈಹಾಕುತ್ತದೆ. ಡೆಬಿಟ್ ವಾಪಸಾಗುತ್ತದೆ. ಆಗ ಬ್ಯಾಂಕಿನ ಸರದಿ. ಬಿಟಿ ತನ್ನ ದಂಡ ತಂದ ಕಾಲದಲ್ಲಿ ಇಂಥ ಒಂದು ತಪ್ಪಿಗೆ ಬ್ರಿಟಿಷ್ ಬ್ಯಾಂಕುಗಳು ಮೂವತ್ತು ಪೌಂಡಿಗೂ ಮೇಲೆ ಕತ್ತರಿಸುತ್ತಿದ್ದವು. ನಾಲ್ಕೂವರೆ ಉಳಿಸಲು ಹೋಗಿ ಮೂವತ್ತು ಕಳೆದುಕೊಳ್ಳುವ ಆಟ. ಜನ ಕೋರ್ಟಿಗೆ ಹೋದರು, ಸಾವಿರಾರು ಮಂದಿ ಹಣ ವಾಪಸ್ ಕೇಳಿದರು. ನ್ಯಾಯಯುತ ವ್ಯಾಪಾರದ ಕಚೇರಿ ಅವರ ಪರವಾಗಿ ವಾದಿಸಿತು. 2009ರ ನವೆಂಬರ್ 25ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಬ್ಯಾಂಕುಗಳ ಪರ ತೀರ್ಪು ಕೊಟ್ಟಿತು. ಈ ಶುಲ್ಕಗಳು ಸೇವೆಯ ಬೆಲೆಯ ಭಾಗವಂತೆ, ಬೆಲೆ ನ್ಯಾಯವೋ ಅನ್ಯಾಯವೋ ಅಂತ ಆ ನಿಯಮದಡಿ ಅಳೆಯಲು ಬರುವುದಿಲ್ಲವಂತೆ. ಆ ಕೋರ್ಟು ಬಾಗಿಲು ತೆರೆದು ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಹೊಸ ಮನೆಯ ಗೃಹಪ್ರವೇಶಕ್ಕೆ ಬ್ಯಾಂಕುಗಳಿಗೆ ಒಳ್ಳೆಯ ಉಡುಗೊರೆ. ಆ ಶುಲ್ಕಗಳಿಗೆ ಸರಿಯಾದ ಮೂಗುದಾರ ಬಿದ್ದದ್ದು 2020ರಲ್ಲಿ.

ಫೋನಿಲ್ಲದೆ ಬದುಕಬಹುದು ಅನ್ನೋಣ, ಚಳಿಗಾಲದಲ್ಲಿ ಗ್ಯಾಸಿಲ್ಲದೆ, ಕರೆಂಟಿಲ್ಲದೆ? ನಿಜವಾದ ಲೂಟಿ ನಡೆಯುವುದು ಅಲ್ಲಿ. ಬ್ರಿಟನ್ನಿನಲ್ಲಿ ಮನೆಬಳಕೆಯ ಇಂಧನಕ್ಕೆ ಆಫ್‌ಜೆಮ್ ಎಂಬ ನಿಯಂತ್ರಕ ಗರಿಷ್ಠ ದರ ಗೊತ್ತುಮಾಡುತ್ತದೆ. 2019ರಿಂದ ಇದೆ. ಒಂದೇ ಗ್ಯಾಸು, ಒಂದೇ ತಂತಿ, ಒಂದೇ ಬೀದಿ. ದರ ಮಾತ್ರ ಮೂರು. ಡೈರೆಕ್ಟ್ ಡೆಬಿಟ್‌ನವರಿಗೊಂದು, ಬಿಲ್ಲು ಬಂದಮೇಲೆ ಕಟ್ಟುವವರಿಗೊಂದು, ಮೊದಲೇ ದುಡ್ಡು ತುಂಬಿಸುವ ಪ್ರೀಪೇಡ್ ಮೀಟರಿನವರಿಗೊಂದು. 2024ರ ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ದರದ ಪ್ರಕಾರ ಸಾಧಾರಣ ಮನೆಯೊಂದರ ವರ್ಷದ ಬಿಲ್ಲು ಡೈರೆಕ್ಟ್ ಡೆಬಿಟ್ ಆದರೆ 1,717 ಪೌಂಡ್. ಅದೇ ಮನೆ, ಅಷ್ಟೇ ಯೂನಿಟ್ಟು, ಬಿಲ್ಲು ನೋಡಿ ಕಟ್ಟಿದರೆ 1,829. ಬಿಲ್ಲನ್ನು ಕಣ್ಣಿನಿಂದ ಓದಿದ ತಪ್ಪಿಗೆ 112 ಪೌಂಡ್!

ಈ ಅಂತರ ಎಲ್ಲಿಂದ ಬಂತು ಅಂತ ಕೆದಕಿದರೆ ಹೇಸಿಗೆಯಾಗುತ್ತದೆ. ಅಂಚೆ, ಕಾಗದದ ಖರ್ಚು ಅದರಲ್ಲಿ ಚಿಲ್ಲರೆ. ದೊಡ್ಡ ಭಾಗ ಕೆಟ್ಟ ಸಾಲದ ಲೆಕ್ಕ, ಮತ್ತೆ ಹಣ ತಡವಾಗಿ ಬರುವುದರಿಂದ ಕಂಪನಿಗೆ ಬೇಕಾಗುವ ದುಡಿಮೆ ಬಂಡವಾಳದ ಲೆಕ್ಕ. ಬಿಲ್ಲು ನೋಡಿ ಕಟ್ಟುವವರಲ್ಲಿ ಕೆಲವರು ಕಟ್ಟಲಾಗದೆ ಬಾಕಿ ಉಳಿಸುತ್ತಾರೆ. ಆ ಬಾಕಿಯನ್ನು ಅದೇ ಸಾಲಿನಲ್ಲಿ ನಿಂತು ನಿಯತ್ತಾಗಿ ಕಟ್ಟುವವರ ತಲೆಗೆ ಹಂಚುತ್ತಾರೆ. ಬಡವನ ಬಾಕಿಗೆ ಪಕ್ಕದ ಬಡವನೇ ಜಾಮೀನು. ಷೇರುದಾರನ ಲಾಭಾಂಶಕ್ಕೆ ಯಾರೂ ಜಾಮೀನು ಕೇಳುವುದಿಲ್ಲ, ಅದು ತಾನಾಗಿ ಭದ್ರ.

ಆ ದುಡಿಮೆ ಬಂಡವಾಳದ ಮಾತನ್ನು ಇನ್ನೊಂದು ಕಡೆಯಿಂದ ನೋಡಿ. ಡೈರೆಕ್ಟ್ ಡೆಬಿಟ್‌ನವರಿಗೆ ಅಲ್ಲಿ ತಿಂಗಳಿಗೆ ಸಮಸಮ ಕಂತು. ಬೇಸಿಗೆಯಲ್ಲಿ ಒಲೆ ಉರಿಯದಿದ್ದರೂ ಕಂತು ಹೋಗುತ್ತಲೇ ಇರುತ್ತದೆ, ಚಳಿಗಾಲಕ್ಕೆ ಅದು ಜಮೆಯಾಗುತ್ತದೆ. ಅಂದರೆ ಬೇಸಿಗೆಯುದ್ದಕ್ಕೂ ಗ್ರಾಹಕರು ಕಂಪನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಿರುತ್ತಾರೆ. ಕೆಲವು ಕಂಪನಿಗಳು ಆ ಜಮೆ ಹಣದ ಮೇಲೆಯೇ ವ್ಯಾಪಾರ ಕಟ್ಟಿದ್ದವು. 2021ರಲ್ಲಿ ಗ್ಯಾಸ್ ಬೆಲೆ ನೆಗೆದಾಗ ಅವು ಸಾಲುಸಾಲಾಗಿ ಮಗುಚಿದವು. ಜಮೆ ಹಣ ಗ್ರಾಹಕರ ಕೈತಪ್ಪಲಿಲ್ಲ ನಿಜ, ಆದರೆ ಅದನ್ನು ತುಂಬಿಕೊಟ್ಟವರು ಯಾರು? ದೇಶದ ಎಲ್ಲ ಗ್ರಾಹಕರು, ತಮ್ಮ ಬಿಲ್ಲಿನಲ್ಲಿ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2022ರ ಜೂನ್‌ನಲ್ಲಿ ಲೆಕ್ಕ ಹಾಕಿತು: 28 ಕಂಪನಿಗಳ ಸಾವಿನ ಖರ್ಚು 270 ಕೋಟಿ ಪೌಂಡ್, ಮನೆಗೆ 94 ಪೌಂಡಿನ ಹಾಗೆ. ಚೆಕ್ ಬರೆಯುವ ಮುದುಕಿಯ ಬಿಲ್ಲಿನಲ್ಲೂ ಆ ಪಾಲು ಇತ್ತು. ಅವಳಿಂದ ಯಾವ ಕಂಪನಿಗೂ ಬೇಸಿಗೆಯ ಸಾಲ ಸಿಕ್ಕಿರಲಿಲ್ಲ. ಆದರೂ ಡೈರೆಕ್ಟ್ ಡೆಬಿಟ್ ಒಲ್ಲೆ ಅಂದದ್ದಕ್ಕೆ ದಂಡ ಕಟ್ಟಿದಳು, ಡೈರೆಕ್ಟ್ ಡೆಬಿಟ್ ಹಣ ನುಂಗಿದವರು ಸತ್ತಾಗ ತಿಥಿ ಖರ್ಚನ್ನೂ ಕಟ್ಟಿದಳು.

ಒಪ್ಪಿದವರ ಗತಿಯಾದರೂ ಏನು? 2022ರ ಮೊದಲ ತಿಂಗಳುಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಮನೆಗಳ ಕಂತು ದುಪ್ಪಟ್ಟನ್ನೂ ಮೀರಿ ಏರಿದ್ದನ್ನು ಆಫ್‌ಜೆಮ್ಮೇ ಪತ್ತೆಹಚ್ಚಿತು. ಬೆಲೆ ಏರಿದ್ದು ಹೌದು, ಆದರೆ ಎಲ್ಲ ಏರಿಕೆಗೂ ಬೆಲೆಯ ನೆಪ ಒಪ್ಪುವಂತಿರಲಿಲ್ಲ. ಕೈಯನ್ನು ಜೇಬಿನೊಳಗೆ ಬಿಟ್ಟುಕೊಂಡಮೇಲೆ ಎಷ್ಟು ಆಳಕ್ಕೆ ಹೋಗಬೇಕೆಂದು ಆ ಕೈ ನಿಮ್ಮನ್ನು ಕೇಳುವುದಿಲ್ಲ.

ಇನ್ನು ಮೂರನೆಯ ದರದವರು, ಪ್ರೀಪೇಡ್ ಮೀಟರಿನವರು. ಪೂರ್ವ ಲಂಡನ್ನಿನ ಯಾವುದೇ ಮೂಲೆಯಂಗಡಿಯಲ್ಲಿ ಚಳಿಗಾಲದ ಸಂಜೆ ಹೋಗಿ ನಿಲ್ಲಿ. ಹಾಲು, ಬ್ರೆಡ್ಡು, ಲಾಟರಿ ಚೀಟಿಗಳ ನಡುವೆ ಹಳದಿ ಬಣ್ಣದ ಪೇ ಪಾಯಿಂಟ್ ಯಂತ್ರವೊಂದು ಇರುತ್ತದೆ. ಹೆಂಗಸೊಬ್ಬಳು ಪ್ಲಾಸ್ಟಿಕ್ಕಿನ ಸಣ್ಣ ಕೀಲಿ ತೆಗೆದು ಕೌಂಟರಿನ ಮೇಲಿಟ್ಟು ಹತ್ತು ಪೌಂಡ್ ಅನ್ನುತ್ತಾಳೆ. ಮನೆಗೆ ಹೋಗಿ ಮೀಟರಿಗೆ ಕೀಲಿ ಹಾಕಿದ ಕೂಡಲೇ ಹತ್ತರಲ್ಲಿ ಒಂದಿಷ್ಟು ಮಾಯ. ಮೊನ್ನೆ ಕರೆಂಟು ಹೋಗಿದ್ದ ದಿನಗಳ ಸ್ಟ್ಯಾಂಡಿಂಗ್ ಚಾರ್ಜು, ತುರ್ತಿಗೆಂದು ಮೀಟರು ಕೊಟ್ಟಿದ್ದ ಸಾಲ, ಹಳೆಯ ಬಾಕಿಯ ಕಂತು, ಇವೆಲ್ಲ ಮುರಿದುಕೊಂಡಮೇಲೆ ಉಳಿದದ್ದಕ್ಕೆ ದೀಪ ಹೊತ್ತುತ್ತದೆ. ಕತ್ತಲಲ್ಲಿ ಕೂತ ದಿನಕ್ಕೂ ಬಾಡಿಗೆ. ದಶಕಗಟ್ಟಲೆ ಈ ಜನ ಡೈರೆಕ್ಟ್ ಡೆಬಿಟ್‌ನವರಿಗಿಂತ ಹೆಚ್ಚು ದರ ಕೊಟ್ಟರು, ಅದೂ ಮುಂಗಡವಾಗಿ. ಮುಂಗಡ ಕೊಟ್ಟವನಿಗೆ ಎಲ್ಲಿಯಾದರೂ ದರ ಹೆಚ್ಚಿಸುತ್ತಾರೆಯೇ? ಹಣ ಮೊದಲೇ ಬರುವಾಗ ಕೆಟ್ಟ ಸಾಲವೆಲ್ಲಿ, ದುಡಿಮೆ ಬಂಡವಾಳವೆಲ್ಲಿ? ಆಗ ವಾದವೇ ಬದಲು: ಮೀಟರು ದುಬಾರಿ, ನಿಭಾಯಿಸುವುದು ಕಷ್ಟ. ತಡವಾಗಿ ಕೊಟ್ಟರೆ ತಡಕ್ಕೆ ದಂಡ, ಮೊದಲೇ ಕೊಟ್ಟರೆ ಮೀಟರಿಗೆ ದಂಡ.

2022ರಲ್ಲಿ ಬಾಕಿ ಕಟ್ಟಲಾಗದೆ ಬಲವಂತವಾಗಿ ಈ ಮೀಟರಿಗೆ ತಳ್ಳಲ್ಪಟ್ಟವರು ಸುಮಾರು 6 ಲಕ್ಷ ಮಂದಿ ಅಂತ ಸಿಟಿಜನ್ಸ್ ಅಡ್ವೈಸ್ ಸಂಸ್ಥೆ ಅಂದಾಜು ಮಾಡಿತ್ತು. 2023ರ ಫೆಬ್ರವರಿಯಲ್ಲಿ ಟೈಮ್ಸ್ ಪತ್ರಿಕೆಯ ವರದಿಗಾರನೊಬ್ಬ ವೇಷ ಮರೆಸಿ ಬ್ರಿಟಿಷ್ ಗ್ಯಾಸ್‌ನ ಗುತ್ತಿಗೆ ಏಜೆಂಟರ ಜೊತೆ ಓಡಾಡಿ, ಅವರು ದುರ್ಬಲರ ಮನೆಗಳ ಬೀಗ ತೆಗೆಸಿ ಮೀಟರು ಕೂರಿಸುವುದನ್ನು ಬಯಲಿಗೆಳೆದ. ದೇಶಕ್ಕೆ ದೇಶವೇ ಛೀ ಅಂದಿತು. ಆಮೇಲೆ ನೋಡಿ ಚಮತ್ಕಾರ. ಅದೇ ವರ್ಷದ ಜುಲೈ 1ರಿಂದ ಸರ್ಕಾರ ಪ್ರೀಪೇಡ್ ಮೀಟರಿನವರ ಹೆಚ್ಚುವರಿ ದರವನ್ನು ತೆಗೆಯಿತು. 2024ರ ಏಪ್ರಿಲ್‌ನಲ್ಲಿ ಆಫ್‌ಜೆಮ್ ಅದನ್ನು ಕಾಯಂ ಮಾಡಿತು: ಪ್ರೀಪೇಡ್‌ನವರಿಗೆ ವರ್ಷಕ್ಕೆ 49 ಪೌಂಡಿನಷ್ಟು ಇಳಿಕೆ, ಡೈರೆಕ್ಟ್ ಡೆಬಿಟ್‌ನವರಿಗೆ 10 ಪೌಂಡಿನಷ್ಟು ಏರಿಕೆ. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ವರ್ಷ ತಪ್ಪಿಸಲಾಗದ ಖರ್ಚು ಅಂತ ಹೇಳಿಕೊಂಡು ಬಂದದ್ದು ಒಂದು ಸಹಿಯಲ್ಲಿ ಹೋಯಿತು. ಹಾಗಾದರೆ ಅದು ಖರ್ಚೇ ಆಗಿರಲಿಲ್ಲ, ಯಾರ ತಲೆಯ ಮೇಲೆ ಹೊರಿಸಬೇಕೆಂಬ ತೀರ್ಮಾನವಾಗಿತ್ತು. ಹೊರಿಸಲು ಬಡವರ ತಲೆ ಸುಲಭವಾಗಿ ಸಿಕ್ಕಿತ್ತು.

ಆಸ್ಟ್ರಿಯಾದವರು ಇಂಥ ದಂಡ ಕೂಡದೆಂದು ಕಾನೂನಿನಲ್ಲೇ ತೀರ್ಮಾನಿಸಿದ್ದರು. ಅಲ್ಲಿ ಟಿ-ಮೊಬೈಲ್ ಕಂಪನಿ ಕಾಗದದ ಚಲನ್ ಅಥವಾ ಆನ್‌ಲೈನ್ ಬ್ಯಾಂಕಿಂಗ್ ಮೂಲಕ ಕಟ್ಟುವವರಿಂದ ಶುಲ್ಕ ಕೀಳುತ್ತಿತ್ತು. ಗ್ರಾಹಕರ ಸಂಘ ಕೋರ್ಟಿಗೆಳೆಯಿತು. 2014ರ ಏಪ್ರಿಲ್ 9ರಂದು ಯುರೋಪಿಯನ್ ನ್ಯಾಯಾಲಯ, ಹಣ ಪಾವತಿಯ ಯಾವುದೇ ವಿಧಾನಕ್ಕೆ ಹೆಚ್ಚುವರಿ ಶುಲ್ಕ ಹಾಕಕೂಡದೆಂದು ಸದಸ್ಯ ದೇಶವೊಂದು ನಿಷೇಧಿಸಬಹುದು ಅಂತ ಹೇಳಿತು. ಮನಸ್ಸಿದ್ದರೆ ಮಾರ್ಗ. ಬ್ರಿಟನ್ನೂ 2018ರ ಜನವರಿಯಲ್ಲಿ ಕಾರ್ಡಿನ ಮೇಲಿನ ಶುಲ್ಕ ನಿಷೇಧಿಸಿತು. ಆದರೆ ದಂಡ ಅನ್ನುವ ಬದಲು ಡೈರೆಕ್ಟ್ ಡೆಬಿಟ್‌ಗೆ ರಿಯಾಯಿತಿ ಅಂದುಬಿಟ್ಟರೆ ಏನು ಮಾಡುತ್ತೀರಿ? ಎಲ್ಲರ ದರ ಏರಿಸಿ, ಒಪ್ಪಿದವರಿಗೆ ಇಳಿಸಿ, ಬೆನ್ನು ತಟ್ಟಿಸಿಕೊಳ್ಳುವುದು ಅಂಗಡಿಯವರಿಗೆಲ್ಲ ಗೊತ್ತಿರುವ ಹಳೇ ಮಸಲತ್ತು. ಸರ್ಕಾರವೂ ಕಮ್ಮಿಯಿಲ್ಲ. ವರ್ಷದ ರಸ್ತೆ ತೆರಿಗೆಯನ್ನು ಒಟ್ಟಿಗೆ ಕಟ್ಟಲಾಗದೆ ಆರು ತಿಂಗಳಿಗೆ ಕಟ್ಟಿದರೆ ಶೇ. 10 ಹೆಚ್ಚು, ಡೈರೆಕ್ಟ್ ಡೆಬಿಟ್‌ಗೆ ಒಪ್ಪಿದರೆ ಶೇ. 5. ಒಟ್ಟಿಗೆ ಇಟ್ಟುಕೊಂಡವನಿಗೆ ಮಾತ್ರ ಸೊನ್ನೆ.

ಜನ ಸುಮ್ಮನಿರಲಿಲ್ಲ. 2022ರ ಬೇಸಿಗೆಯಲ್ಲಿ ಡೋಂಟ್ ಪೇ ಅನ್ನುವ ಚಳವಳಿ ಎದ್ದಿತು. ಹತ್ತು ಲಕ್ಷ ಜನ ಮಾತು ಕೊಟ್ಟರೆ ಅಕ್ಟೋಬರ್ 1ರಂದು ಎಲ್ಲರೂ ಒಟ್ಟಿಗೆ ಡೈರೆಕ್ಟ್ ಡೆಬಿಟ್ ರದ್ದು ಮಾಡೋಣ ಅನ್ನುವುದು ಅದರ ಕರೆ. ಕಂಪನಿಗಳು ದಂಡ ಹಾಕಿ ಕಟ್ಟಿಹಾಕಿದ್ದ ಅದೇ ಹಗ್ಗವನ್ನು ಜನ ಅಸ್ತ್ರ ಮಾಡಿಕೊಂಡರು. ಆಗಸ್ಟ್‌ನಲ್ಲಿ ಆಫ್‌ಜೆಮ್ ಸಾಧಾರಣ ಮನೆಯ ವರ್ಷದ ಬಿಲ್ಲು 3,549 ಪೌಂಡಿಗೆ ಏರಲಿದೆ ಅಂದಾಗ ಸಿಟ್ಟು ಕೊತಕೊತ ಕುದಿಯಿತು. ಹತ್ತು ಲಕ್ಷ ತುಂಬಲಿಲ್ಲ. ಸೆಪ್ಟೆಂಬರಿನಲ್ಲಿ ಸರ್ಕಾರವೇ ದರಕ್ಕೆ ತಡೆ ಹಾಕಿತು. ಆ ತಡೆಗೆ ಈ ಬೆದರಿಕೆಯೂ ಒಂದು ಕಾರಣ ಅಂತ ನಾನು ನಂಬುತ್ತೇನೆ, ಯಾವ ಮಂತ್ರಿಯೂ ಒಪ್ಪಲಾರ. ನನ್ನ ನಂಬಿಕೆಗೆ ಕಾರಣ, ಆ ದೇಶದ ಆಳುವವರಿಗೆ 1990 ನೆನಪಿದೆ: ತಲೆಗಂದಾಯ ಕಟ್ಟುವುದಿಲ್ಲ ಅಂತ ಲಕ್ಷಾಂತರ ಜನ ಕೂತದ್ದು, ಟ್ರಫಾಲ್ಗರ್ ಚೌಕ ಹೊತ್ತಿ ಉರಿದದ್ದು, ವರ್ಷ ಮುಗಿಯುವುದರೊಳಗೆ ಥ್ಯಾಚರ್ ಕುರ್ಚಿ ಬಿಟ್ಟದ್ದು. ಅದಕ್ಕೂ ಹಿಂದೆ 1915ರಲ್ಲಿ ಗ್ಲಾಸ್ಗೋದ ಗೋವನ್ ಕೇರಿಯ ಹೆಂಗಸರು ಮೇರಿ ಬಾರ್ಬರ್ ಮುಂದಾಳತ್ವದಲ್ಲಿ ಏರಿದ ಬಾಡಿಗೆ ಕೊಡದೆ ನಿಂತು, ಯುದ್ಧದ ನಡುವೆಯೇ ಸರ್ಕಾರದಿಂದ ಬಾಡಿಗೆ ನಿಯಂತ್ರಣದ ಕಾನೂನು ಮಾಡಿಸಿಕೊಂಡಿದ್ದರು.

ನಮ್ಮಲ್ಲಿ? ಬೆಂಗಳೂರು–ಮೈಸೂರು ಹೆದ್ದಾರಿಯ ಟೋಲಿಗೆ ಹೋಗಿ ನೋಡಿ. 2021ರ ಫೆಬ್ರವರಿಯಿಂದ ದೇಶದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಫಾಸ್ಟ್ಯಾಗ್ ಇಲ್ಲದವನಿಗೆ ದುಪ್ಪಟ್ಟು. ಟ್ಯಾಗು ಇದ್ದೂ ಬ್ಯಾಲೆನ್ಸ್ ಇಲ್ಲದೆ ಬ್ಲ್ಯಾಕ್‌ಲಿಸ್ಟ್ ಆಗಿದ್ದರೂ ದುಪ್ಪಟ್ಟು. 2025ರ ನವೆಂಬರ್ 15ರಿಂದ ಒಂದು ಕರುಣೆ: ಯುಪಿಐ ಮಾಡಿದರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಹಾಗೇ ಎರಡು ಪಟ್ಟು. ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಮಾಡಿ, ಧಾರಕನಿಗೆ ಕೊಡುವ ವಚನ ಬರೆದ ನೋಟಿಗೆ ಭಾರತ ಸರ್ಕಾರದ ಹೆದ್ದಾರಿಯಲ್ಲಿ ಅರ್ಧ ಬೆಲೆ! ಕ್ಯೂ ತಪ್ಪಿಸಲು ಅನ್ನುತ್ತಾರೆ. ಇರಬಹುದು. ಆದರೆ ಆ ದುಪ್ಪಟ್ಟು ಬೀಳುವುದು ಮದುವೆ ದಿಬ್ಬಣಕ್ಕೆಂದು ಅಪರೂಪಕ್ಕೆ ಹೆದ್ದಾರಿ ಹತ್ತಿದ ಟೆಂಪೋದವನಿಗೆ, ಖಾತೆಯಲ್ಲಿ ಮುಂಗಡ ಕೂರಿಸಿಡಲು ದುಡ್ಡಿಲ್ಲದ ಬಾಡಿಗೆ ಡ್ರೈವರಿಗೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರು ಯುಪಿಐ ಲೆಕ್ಕ ಹಿಡಿದು ಬಂದ ತೆರಿಗೆ ನೋಟಿಸಿಗೆ ಸಿಡಿದು, ಕ್ಯೂಆರ್ ಕೋಡ್ ಕಿತ್ತುಹಾಕಿ, ನಗದು ಮಾತ್ರ ಅಂತ ಬೋರ್ಡು ನೇತುಹಾಕಿದರಲ್ಲ, ಅದನ್ನು ತೆರಿಗೆಗಳ್ಳತನ ಅಂತ ಪೇಟೆಯ ಜಾಣರು ತಳ್ಳಿಹಾಕಿದರು. ನನಗೆ ಕಂಡದ್ದು ಬೇರೆ. ತನ್ನ ಗಲ್ಲಾಪೆಟ್ಟಿಗೆಯ ಬೀಗದಕೈ ಇನ್ನೊಬ್ಬರ ಸೊಂಟದಲ್ಲಿದೆ ಅಂತ ಗೊತ್ತಾದವನ ದಿಗಿಲು ಅದು.

ಹಾಗಾದರೆ ಡೈರೆಕ್ಟ್ ಡೆಬಿಟ್ ಬೇಡವೇ ಬೇಡವೇ? ಬೇಕಾದವರು ಇಟ್ಟುಕೊಳ್ಳಲಿ. ತಿಂಗಳ ಮೊದಲ ದಿನ ತಪ್ಪದೆ ಸಂಬಳ ಬೀಳುವವರಿಗೆ ಅದು ಸೊಗಸಾದ ಅನುಕೂಲ. ರೆಡಿಂಗಿನಲ್ಲೋ ಹೌನ್ಸ್ಲೋದಲ್ಲೋ ಕೂತು ಇದನ್ನು ಓದುವ ಐಟಿ ಬಂಧುಗಳೇ, ನಿಮ್ಮಲ್ಲಿ ಬಹುಪಾಲು ಮಂದಿ ಆ ಸಾಲಿನವರು. ನಿಮಗೆ ಸಿಗುವ ಕಡಿಮೆ ದರದಲ್ಲಿ ಲಕೋಟೆ ಎಣಿಸುವ ಆ ಮಂಗಳೂರಿನ ಹೆಂಗಸಿನ ಪಾಲೂ ಇದೆ, ಅದನ್ನು ರಿಯಾಯಿತಿ ಅಂತ ಕರೆದುಕೊಳ್ಳಬೇಡಿ. ನಿಮ್ಮ ಗ್ಯಾಸ್ ಖಾತೆ ತೆರೆದು ಜಮೆ ಎಷ್ಟು ಕೂತಿದೆ ನೋಡಿ. ಮೀಟರ್ ರೀಡಿಂಗ್ ಕೊಟ್ಟು, ಮಿಕ್ಕ ಹಣ ವಾಪಸ್ ಕೇಳಿ. ಸರಿಯಾದ ಕಾರಣವಿಲ್ಲದೆ ಇಲ್ಲ ಅನ್ನುವ ಹಾಗಿಲ್ಲ ಅವರು. ಪ್ರೀಪೇಡ್‌ನವರಿಗೆ ಸಮ ಮಾಡಿದ ಹಾಗೆ ಬಿಲ್ಲು ನೋಡಿ ಕಟ್ಟುವವರಿಗೂ ಸಮ ಮಾಡಿ ಅಂತ ನಿಮ್ಮ ಸಂಸದನಿಗೆ ಒಂದು ಪತ್ರ ಬರೆಯಿರಿ. ನಿಮಗೆ ವರ್ಷಕ್ಕೆ ಕೆಲವು ಪೌಂಡ್ ಹೆಚ್ಚಾದೀತು. ಆಗಲಿ. ಇಷ್ಟು ವರ್ಷ ಆ ಹಣವನ್ನು ನಿಮ್ಮ ಪರವಾಗಿ ಬೇರೆಯವರು ಕಟ್ಟಿದ್ದಾರೆ.